ಪುರುಷೋತ್ತಮ ನಮ್ಮವನು ಅನ್ನೋ ಮೊದಲು...

ಮೊನ್ನೆ ಭಾನುವಾರ, ಇನ್ನೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ, ನಮ್ಮ ಇಂಜಿನಿಯರಿಂಗ್ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಬಂದು ಬಿದ್ದಿತ್ತು. ಬಿಳಿ ಗಡ್ಡದ ಒಬ್ಬ ಮನುಷ್ಯ, ಕೈಯಲ್ಲಿ ಗಿಟಾರು. ಕೆಳಗೆ ದಪ್ಪಕ್ಷರದಲ್ಲಿ ಒಕ್ಕಣೆ. ರಷ್ಯಾದ ಅತಿ ದೊಡ್ಡ ರಾಕ್ ಗಾಯಕ ನಮ್ಮ ಧರ್ಮಕ್ಕೆ ಶರಣಾದ, ಹೆಸರು ಪುರುಷೋತ್ತಮ ಅಂತ ಬದಲಿಸಿಕೊಂಡ, ಭಗವದ್ಗೀತೆಯನ್ನು ರಷ್ಯನ್ ಭಾಷೆಗೆ ಅನುವಾದ ಮಾಡಿದ, ಇನ್ನಾದರೂ ನಮ್ಮವರು ಎಚ್ಚೆತ್ತುಕೊಳ್ಳಲಿ, ಇತ್ಯಾದಿ ಇತ್ಯಾದಿ. ಅದರ ಕೆಳಗೆ ಕೈಮುಗಿದ ಚಿತ್ರಗಳ ಮೆರವಣಿಗೆ.

ಆ ಮನುಷ್ಯ ಬೊರಿಸ್ ಗ್ರೆಬೆನ್ಶಿಕೋವ್. ಅಕ್ವಾರಿಯಂ ಅನ್ನೋ ತಂಡದವನು. ನನಗೆ ತುಂಬಾ ಇಷ್ಟವಾದ ಗಾಯಕ. ಫಾರ್ವರ್ಡಿನಲ್ಲಿ ಅರ್ಧ ಸತ್ಯ ಇದೆ. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಬಂಗಾಳ ಮೂಲದ ಗುರು ಶ್ರೀ ಚಿನ್ಮಯ್ 2006ರಲ್ಲಿ ಅವನಿಗೆ ಪುರುಷೋತ್ತಮ ಅನ್ನೋ ಹೆಸರು ಕೊಟ್ಟಿದ್ದು ನಿಜ. ಗೀತೆಯ ಅನುವಾದವೂ ನಿಜ. ಆದರೆ 'ಶರಣಾದ' ಅನ್ನೋದು ಸುಳ್ಳು. ಅವನ ಹಾಡುಗಳಲ್ಲಿ ಕ್ರಿಸ್ತ, ಬುದ್ಧ, ಕೃಷ್ಣ, ರಷ್ಯಾದ ಹಳ್ಳಿಯ ಸಂತರು ಎಲ್ಲರೂ ಒಂದೇ ಜಗಲಿಯ ಮೇಲೆ ಕೂತಿರುತ್ತಾರೆ. ಯಾರೂ ಯಾರನ್ನೂ ಎಬ್ಬಿಸುವುದಿಲ್ಲ.

ಸುಮ್ಮನಿರಬೇಕಿತ್ತು. ಆಗಲಿಲ್ಲ. "ಇದೇ ಮನುಷ್ಯ 2022ರ ಫೆಬ್ರವರಿ 24ರಂದು, ಯುದ್ಧ ಶುರುವಾದ ದಿನವೇ, ಅದು ಹುಚ್ಚುತನ ಅಂತ ಹೇಳಿದ. 2023ರ ಜೂನ್ 30ಕ್ಕೆ ರಷ್ಯಾ ಸರ್ಕಾರ ಅವನನ್ನು 'ವಿದೇಶಿ ಏಜೆಂಟ್' ಅಂತ ಘೋಷಿಸಿತು. ಅದನ್ನೂ ಸೇರಿಸಿ ಫಾರ್ವರ್ಡ್ ಮಾಡ್ರಪ್ಪಾ" ಅಂತ ಟೈಪ್ ಮಾಡಿಬಿಟ್ಟೆ.

ಎರಡು ನಿಮಿಷದಲ್ಲಿ ಎರಡು ಉತ್ತರ ಬಂತು. ಹಾಸ್ಟೆಲಿನಲ್ಲಿ ಪಕ್ಕದ ರೂಮಿನಲ್ಲಿದ್ದವನದು: "ಮಗಾ, ಅಧ್ಯಾತ್ಮದ ಮಧ್ಯೆ ರಾಜಕೀಯ ತರಬೇಡ." ಇನ್ನೊಬ್ಬನದು, ಕಾಲೇಜಿನ ದಿನಗಳಿಂದಲೂ ಕೆಂಪು ಬಣ್ಣದವನು: "ಅಧ್ಯಾತ್ಮ ಗಿಧ್ಯಾತ್ಮ ಬಿಡು ಗುರೂ. ರಷ್ಯನ್ ರಾಕ್ ಅಂದ್ರೆ ಪ್ರತಿಭಟನೆ, ಅಷ್ಟೇ. ದೇವರು ಅನ್ನೋದು ಅವರಿಗೆ ವಯಸ್ಸಾದ ಮೇಲೆ ಅಂಟಿದ ಚಟ."

ಇಬ್ಬರೂ ನನ್ನ ಗೆಳೆಯರು. ಇಬ್ಬರೂ ತಪ್ಪು. ಅದೂ ಒಂದೇ ಕಡೆ ತಪ್ಪು! ವಾಟ್ಸಾಪಿನಲ್ಲಿ ಇಷ್ಟುದ್ದ ಟೈಪ್ ಮಾಡೋಕೆ ಹೆಬ್ಬೆರಳು ಒಪ್ಪೋದಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಓದಿ, ಆಮೇಲೆ ಬೈಯಿರಿ :)

*

ಮೊದಲೇ ಒಪ್ಪಿಕೊಂಡುಬಿಡ್ತೀನಿ, ನನ್ನ ರಷ್ಯನ್ ಅರೆಬರೆ. ಮೊದಲ ಕೆಲಸದಲ್ಲಿ ನಮ್ಮ ಪ್ರಾಜೆಕ್ಟಿನ ಅರ್ಧ ತಂಡ ಪೀಟರ್ಸ್‌ಬರ್ಗಿನಲ್ಲಿತ್ತು. ಅಲ್ಲಿನ ಒಬ್ಬ ಹಿರಿಯ ಡೆವಲಪರ್ ನನಗೆ ಕೋಡ್ ರಿವ್ಯೂ ಮಾಡ್ತಿದ್ದ. ಕಮೆಂಟುಗಳಲ್ಲಿ ಎಷ್ಟು ಕಟುವೋ ಮಾತಿನಲ್ಲಿ ಅಷ್ಟೇ ಮೃದು. ಒಂದು ದಿನ ಮೀಟಿಂಗ್ ಮುಗಿದ ಮೇಲೂ ಅವನ ಮೈಕ್ ಆನ್ ಇತ್ತು, ಹಿಂದೆ ಒಂದು ಹಾಡು ಕೇಳಿಸ್ತಿತ್ತು. ಯಾವುದಿದು ಅಂತ ಕೇಳಿದೆ. ಅಲ್ಲಿಂದ ಶುರು. ಅವನು ಲಿಂಕ್ ಕಳಿಸೋದು, ನಾನು ನಿಘಂಟು ಇಟ್ಟುಕೊಂಡು ಒಂದೊಂದೇ ಪದ ಬಿಡಿಸೋದು, ತಿಳಿಯದ್ದನ್ನು ಮರುದಿನ ಅವನನ್ನು ಕೇಳೋದು. ರಷ್ಯನ್ ಲಿಪಿ ಕಲಿಯೋಕೆ ಒಂದು ವಾರ ಸಾಕು, ಹೆದರಬೇಡಿ. ಹಾಡು ಅರ್ಥವಾಗೋಕೆ ಮಾತ್ರ ವರ್ಷಗಳು ಬೇಕು.

ಅಲ್ಲಿ ಹಾಡಿಗಿಂತ ಮಾತು ಮುಖ್ಯ. ನಮ್ಮಲ್ಲಿ ರಾಕ್ ಅಂದ ಕೂಡಲೇ ಗಿಟಾರು, ಡ್ರಮ್ಸು, ಕಿರುಚಾಟ ನೆನಪಾಗುತ್ತೆ. ಸೋವಿಯತ್ ರಷ್ಯಾದಲ್ಲಿ ಅದು ಬೆಳೆದ ದಾರಿ ಬೇರೆ. ಅದಕ್ಕೂ ಮೊದಲು ಒಕುಜಾವಾ, ಗಾಲಿಚ್, ವಿಸೋಟ್ಸ್ಕಿ ಅಂತ ಕವಿಗಳು ಒಂದೇ ಒಂದು ಗಿಟಾರ್ ಹಿಡಿದು ತಮ್ಮ ಪದ್ಯಗಳನ್ನು ಹಾಡ್ತಿದ್ದರು. ಕೇಳಿದವರು ಟೇಪಿಗೆ ಇಳಿಸಿಕೊಳ್ತಿದ್ದರು, ಟೇಪಿನಿಂದ ಟೇಪಿಗೆ ಪ್ರತಿ ಮಾಡಿ ಊರೂರಿಗೆ ಹಂಚ್ತಿದ್ದರು. ರಾಕ್ ಹುಡುಗರು ಅವರ ಮೊಮ್ಮಕ್ಕಳು. ಬೀಟಲ್ಸ್ ಕೇಳಿ ಕೆಟ್ಟವರೇ, ಆದರೆ ಕವಿತೆಯ ಮನೆಯಲ್ಲಿ ಹುಟ್ಟಿದವರು.

1981ರ ಮಾರ್ಚ್ 7ರಂದು ಲೆನಿನ್‌ಗ್ರಾದಿನ ರೂಬಿನ್‌ಸ್ಟೈನ್ ಬೀದಿಯ 13ನೇ ನಂಬರಿನ ಕಟ್ಟಡದಲ್ಲಿ ರಾಕ್ ಕ್ಲಬ್ ಶುರುವಾಯ್ತು. ಸರ್ಕಾರಕ್ಕೂ ಇದು ಅನುಕೂಲವೇ, ಎಲ್ಲರೂ ಒಂದೇ ಕಡೆ ಸಿಕ್ಕರೆ ಕೆಜಿಬಿಗೆ ಕಣ್ಣಿಡೋದು ಸುಲಭ. ವೇದಿಕೆ ಹತ್ತೋ ಮೊದಲು ಹಾಡಿನ ಪಠ್ಯವನ್ನು ತೋರಿಸಿ ಒಪ್ಪಿಗೆ ಪಡೀಬೇಕಿತ್ತು. ಒಪ್ಪಿಗೆ ಸಿಗದ ಹಾಡುಗಳು ಅಡುಗೆಮನೆಗಳಲ್ಲಿ, ಮನೆಯ ಹಜಾರಗಳಲ್ಲಿ, ಇಪ್ಪತ್ತು ಮೂವತ್ತು ಜನರ ಮುಂದೆ ನಡೀತಿದ್ದವು. ಮೈಕಿಲ್ಲ, ದೀಪಗಳಿಲ್ಲ. ಅಂಥ ಕಡೆ ಗಾಯಕನ ಬಳಿ ಇರೋದು ಮಾತು ಮಾತ್ರ. ಎದುರಿಗೆ ಒಂದು ಮಾರು ದೂರದಲ್ಲಿ ಕೂತವನ ಕಣ್ಣು ನೋಡಿ ಸುಳ್ಳು ಹಾಡೋದು ಕಷ್ಟ ಕಣ್ರೀ.

ಹೊಟ್ಟೆಪಾಡು? ಅಲ್ಲಿ ಕೆಲಸ ಇಲ್ಲದೆ ಇರೋದೇ ಅಪರಾಧವಾಗಿತ್ತು. 'ಪರಾವಲಂಬಿ' ಅನ್ನೋ ಆರೋಪ ಹೊರಿಸಿ 1964ರಲ್ಲಿ ಕವಿ ಬ್ರಾಡ್ಸ್ಕಿಯನ್ನು ಶಿಕ್ಷೆಗೆ ಕಳಿಸಿದ್ದರು. ಹಾಗಾಗಿ ಈ ಹುಡುಗರು ಕಾವಲುಗಾರರಾದರು, ಬೀದಿ ಗುಡಿಸಿದರು, ಕಟ್ಟಡಗಳಿಗೆ ಬಿಸಿನೀರು ಕಾಯಿಸೋ ಬಾಯ್ಲರ್ ಕೋಣೆಗಳಲ್ಲಿ ಕಲ್ಲಿದ್ದಲು ಸುರಿದರು. ಕಿನೋ ತಂಡದ ವಿಕ್ತರ್ ತ್ಸೊಯ್ ಕೆಲಸ ಮಾಡಿದ 'ಕಮ್ಚಾತ್ಕಾ' ಅನ್ನೋ ಬಾಯ್ಲರ್ ಕೋಣೆ ಆಮೇಲೆ ಅವನ ನೆನಪಿನ ಮ್ಯೂಸಿಯಂ ಆಯ್ತು.

*

ಈಗ ನನ್ನ ಕೆಂಪು ಗೆಳೆಯನಿಗೆ ಮೊದಲ ಉತ್ತರ, ಅವನದೇ ಹೀರೋ ಮೂಲಕ.

ತ್ಸೊಯ್‌ನ 'ಬದಲಾವಣೆ' ಹಾಡು ಅಂದರೆ ಪ್ರತಿಭಟನೆಯ ರಾಷ್ಟ್ರಗೀತೆ ಅಂತಲೇ ಲೆಕ್ಕ. 1987ರ 'ಅಸ್ಸಾ' ಸಿನಿಮಾದ ಕೊನೆಯಲ್ಲಿ ಅವನು ಅದನ್ನು ಹಾಡ್ತಾನೆ. 2020ರ ಆಗಸ್ಟಿನಲ್ಲಿ ಬೆಲಾರುಸ್‌ನ ಮಿನ್ಸ್ಕ್ ನಗರದಲ್ಲಿ, ಸರ್ಕಾರವೇ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಇಬ್ಬರು ಸೌಂಡ್ ಹುಡುಗರು ಇದ್ದಕ್ಕಿದ್ದಂತೆ ಈ ಹಾಡು ಹಾಕಿಬಿಟ್ಟರು. ಹತ್ತು ದಿನ ಜೈಲು. ಹಾಡು ಬರೆದವನು ಸತ್ತು ಆಗಲೇ ಮೂವತ್ತು ವರ್ಷ ಆಗಿತ್ತು. 1990ರ ಆಗಸ್ಟ್ 15ರಂದು ಲಾತ್ವಿಯಾದ ರಸ್ತೆಯಲ್ಲಿ ಕಾರು ಅಪಘಾತ, 28 ವರ್ಷ ವಯಸ್ಸು.

ಆದರೆ ಹಾಡನ್ನು ಸರಿಯಾಗಿ ಕೇಳಿ. ಅದರಲ್ಲಿ ಸರ್ಕಾರದ ಹೆಸರಿಲ್ಲ, ಪಕ್ಷದ ಹೆಸರಿಲ್ಲ. ಒಂದು ಅಡುಗೆಮನೆ, ಟೀ, ಸಿಗರೇಟು. ಬದಲಾವಣೆಯ ಬೇಡಿಕೆ ಬರೋದು ಹಾಡುವವರ ಮೈಯೊಳಗಿಂದ. ಕೊನೆಗೆ ಒಂದು ತಪ್ಪೊಪ್ಪಿಗೆಯೂ ಇದೆ: ಎಲ್ಲಾ ಬದಲಾಗಲಿ ಅಂತ ಕೂಗ್ತಿದ್ದ ನಮಗೇ, ಏನನ್ನಾದರೂ ಬದಲಿಸೋ ಹೊತ್ತಿಗೆ ಭಯ ಹತ್ತುತ್ತೆ ಅಂತ. ಘೋಷಣೆ ಬರೆಯೋನು ಈ ಸಾಲು ಬರೀತಾನಾ? ಘೋಷಣೆಯಲ್ಲಿ ತಪ್ಪು ಯಾವಾಗಲೂ ಎದುರಿನವನದು. ಇಲ್ಲಿ ಬೆರಳು ತಿರುಗಿ ತನ್ನ ಕಡೆಗೇ ಬರುತ್ತೆ. ಜನ ಅದನ್ನು ಬೀದಿಗೆ ತಂದಿದ್ದು ತಪ್ಪಲ್ಲ, ಬೀದಿಗೆ ಇಳಿಯೋಕೂ ಮೊದಲು ಇಳಿಯಬೇಕಾದ ಭಯ ಒಂದಿದೆ ಅಂತ ಹಾಡಿಗೆ ಗೊತ್ತಿತ್ತು. ಪ್ರತಿಭಟನೆ ಅದರ ಫಲ, ಬೇರು ಬೇರೆ ಕಡೆ ಇದೆ.

ಬೇರು ಎಲ್ಲಿದೆ ಅಂತ ತೋರಿಸೋಕೆ ನಾನು ಇಬ್ಬರನ್ನು ಕರೀತೀನಿ.

ಒಬ್ಬ ಇಲ್ಯಾ ಕೊರ್ಮಿಲ್ತ್ಸೆವ್. ಉರಾಲ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವನು, ನಮ್ಮ ನಿಮ್ಮ ಹಾಗೆ ಸೈನ್ಸ್ ಬ್ಯಾಚು. ನಾಟಿಲಸ್ ಪೊಂಪಿಲಿಯಸ್ ತಂಡಕ್ಕೆ ಹಾಡು ಬರೀತಿದ್ದ, ಹಾಡೋನು ವ್ಯಾಚೆಸ್ಲಾವ್ ಬುತುಸೋವ್. ಕೊರ್ಮಿಲ್ತ್ಸೆವ್ ಬರೆದ 'ನೀರಿನ ಮೇಲೆ ನಡಿಗೆ' ಅನ್ನೋ ಹಾಡಿದೆ. ಕಥೆ ಇಷ್ಟು. ಅಪೊಸ್ತಲ ಅಂದ್ರೇಯ ದಡದಲ್ಲಿ ಕೂತು ಮೀನು ಹಿಡೀತಿದ್ದಾನೆ. ಯೇಸು ನೀರಿನ ಮೇಲೆ ನಡೆದು ಹೋಗ್ತಿದ್ದಾನೆ. ನನಗೂ ಈ ಗುಟ್ಟು ಹೇಳಿಕೊಡು ಅಂತ ಅಂದ್ರೇಯ ಕೇಳ್ತಾನೆ. ಯೇಸು ಗುಡ್ಡದ ಮೇಲಿನ ಶಿಲುಬೆಯನ್ನೂ ಅದರ ಕೆಳಗಿನ ಸೈನಿಕರನ್ನೂ ತೋರಿಸ್ತಾನೆ: ಮೊದಲು ಅಲ್ಲಿ ಸ್ವಲ್ಪ ಹೊತ್ತು ನೇತಾಡಿ ಬಾ, ಆಮೇಲೆ ನನ್ನ ಜೊತೆ ನೀರಿನ ಮೇಲೆ ನಡೆಯುವೆಯಂತೆ. ಅಂದ್ರೇಯ ಹೆದರ್ತಾನೆ. ಶಿಲುಬೆ ಗಿಲುಬೆ ಇಲ್ಲದೆ ಆಗೋದಿಲ್ವಾ ಅಂತ ಗೋಗರೀತಾನೆ. ಯೇಸು ಸಿಟ್ಟಿನಿಂದ ಕಾಲು ನೆಲಕ್ಕೆ ಬಡಿಯೋ ಹಾಗೆ ನೀರಿನ ಮೇಲೆ ಬಡಿದು ಬೈತಾನೆ. ಅಂದ್ರೇಯ ಅಳುತ್ತಾ ಮನೆಗೆ ಹೋಗ್ತಾನೆ. ಮುಗೀತು.

ಬೈಬಲ್ಲಿನಲ್ಲಿ ನೀರಿನ ಮೇಲೆ ನಡೆಯೋಕೆ ಹೋಗೋನು ಪೇತ್ರ, ಅಂದ್ರೇಯನ ಅಣ್ಣತಮ್ಮ. ಕೊರ್ಮಿಲ್ತ್ಸೆವ್ ಹೆಸರು ಯಾಕೆ ಬದಲಿಸಿದ? ನನ್ನ ಓದು ಇದು: ರಷ್ಯಾ ತನ್ನ ಪೋಷಕ ಸಂತ ಅಂತ ಪೂಜಿಸೋದು ಅಂದ್ರೇಯನನ್ನು. ಅಲ್ಲಿನ ನೌಕಾಪಡೆಯ ಧ್ವಜದ ಮೇಲಿರೋ ಓರೆ ಶಿಲುಬೆ ಅವನದೇ. ಅಂಥ ಸಂತನನ್ನೇ ಶಾರ್ಟ್‌ಕಟ್ ಕೇಳೋ ಪಾಪದ ಬೆಸ್ತನನ್ನಾಗಿ ನಿಲ್ಲಿಸಿದ್ದಾನೆ. ಪವಾಡ ಬೇಕು, ಬೆಲೆ ಕೊಡೋಕೆ ಆಗೋದಿಲ್ಲ ಅನ್ನೋ ಭಕ್ತ. ತನ್ನ ದೇಶಕ್ಕೆ ಹೇಳಿದ್ದು ಅದು. ನಮ್ಮ ಹಾಸ್ಟೆಲಿನ ಪಕ್ಕದ ರೂಮಿನ ಗೆಳೆಯನಿಗೂ ಸರಿಯಾಗಿ ತಾಕುತ್ತೆ. ಮಗಾ, ನೀರಿನ ಮೇಲೆ ನಡೆಯೋ ಫೋಟೋ ಬೇಕು ನಿನಗೆ. ಗುಡ್ಡದ ಮೇಲೆ ಏನಿದೆ ಅಂತ ಯಾರಾದ್ರೂ ತೋರಿಸಿದರೆ 'ರಾಜಕೀಯ' ಅಂತೀಯ.

ಇನ್ನೊಬ್ಬ ಅಲೆಕ್ಸಾಂದರ್ ಬಷ್ಲಚೋವ್. ಚೆರೆಪೊವೆತ್ಸ್ ಅನ್ನೋ ಉಕ್ಕಿನ ಕಾರ್ಖಾನೆಯ ಊರಿನವನು, ಪತ್ರಿಕೋದ್ಯಮ ಓದಿ ಅದೇ ಊರಿನ 'ಕಮ್ಯುನಿಸ್ಟ್' ಅನ್ನೋ ಪತ್ರಿಕೆಯಲ್ಲಿ ಕೆಲಸಕ್ಕಿದ್ದ. 1984ರಲ್ಲಿ ಎಲ್ಲಾ ಬಿಟ್ಟು ಹಾಡೋಕೆ ಹೊರಟ. ಬ್ಯಾಂಡ್ ಇಲ್ಲ, ರಾಗದಲ್ಲಿ ವಿಶೇಷ ಇಲ್ಲ. ಕೈಗೆ ಸಣ್ಣ ಗಂಟೆಗಳ ಸರ ಕಟ್ಟಿಕೊಂಡು ಗಿಟಾರ್ ಬಾರಿಸ್ತಿದ್ದ, ಹೆಚ್ಚುಕಮ್ಮಿ ನಮ್ಮ ಗೆಜ್ಜೆಯ ಹಾಗೆ ಜಣಜಣ ಅನ್ನೋದು. ಅವನ 'ಪುಟ್ಟ ಗಂಟೆಗಳ ಕಾಲ' ಅನ್ನೋ ಹಾಡಿನ ತಿರುಳು: ಒಂದು ಕಾಲಕ್ಕೆ ಈ ನೆಲದಲ್ಲಿ ದೊಡ್ಡ ಗಂಟೆಗಳಿದ್ದವು, ಅವು ಒಡೆದುಹೋದವು, ಈಗ ನಮ್ಮ ನಮ್ಮ ಎದೆಯಲ್ಲಿ ಪುಟ್ಟ ಗಂಟೆಗಳಿವೆ, ಅವನ್ನೇ ಬಾರಿಸೋಣ. ಸೋವಿಯತ್ ಸರ್ಕಾರ 1930ರ ಆಸುಪಾಸಿನಲ್ಲಿ ಚರ್ಚುಗಳ ಗಂಟೆಗಳನ್ನು ಇಳಿಸಿ ಕರಗಿಸಿತ್ತು ಅನ್ನೋದನ್ನು ನೆನೆದರೆ ಇದು ಬರೀ ರೂಪಕ ಅಲ್ಲ ಅಂತ ಗೊತ್ತಾಗುತ್ತೆ.

ಅವನು ದೊಡ್ಡ ಗಂಟೆಗಳನ್ನು ಮತ್ತೆ ಎರಕ ಹೊಯ್ಯೋಣ ಅನ್ನಲಿಲ್ಲ. ದೇವಸ್ಥಾನ ಕಟ್ಟೋಣ ಅನ್ನಲಿಲ್ಲ. ನಿನ್ನೊಳಗೆ ಒಂದು ಬಾರಿಸೋ ವಸ್ತು ಇದೆ, ಅದು ಮೌನವಾಗಿದ್ದರೆ ಹೊಣೆ ನಿನ್ನದು ಅಂದ. ಹಾಡಿದ್ದನ್ನು ಬದುಕಬೇಕು ಅನ್ನೋದು ಅವನ ಹಠ. ನಡೆ ಒಂದು ನುಡಿ ಒಂದು ಆದರೆ ಏನಾಗುತ್ತೆ ಅಂತ ಹನ್ನೆರಡನೇ ಶತಮಾನದಿಂದ ಕೇಳಿಸಿಕೊಂಡು ಬಂದ ನಮಗೆ ಇದು ಹೊಸದಲ್ಲ, ಅಲ್ವಾ? 1988ರ ಫೆಬ್ರವರಿ 17ರಂದು ಲೆನಿನ್‌ಗ್ರಾದಿನಲ್ಲಿ ಕಿಟಕಿಯಿಂದ ಬಿದ್ದು ತೀರಿಕೊಂಡ. 27 ವರ್ಷ. ಆ ಸಾವನ್ನು ಸಂತನ ಸಾವು ಅಂತ ಹೊಗಳೋರಿದ್ದಾರೆ. ನನಗೆ ಅದು ಸುತರಾಂ ಇಷ್ಟವಿಲ್ಲ. ಅವನು ಇನ್ನೂ ಬದುಕಿದ್ದರೆ ಚೆನ್ನಾಗಿತ್ತು, ಅಷ್ಟೇ. ಹಾಡುಗಳು ದೊಡ್ಡವು ಅಂತ ಹೇಳೋಕೆ ಸಾವಿನ ಸಾಕ್ಷಿ ಬೇಕಾಗಿಲ್ಲ.

*

ಗ್ರೆಬೆನ್ಶಿಕೋವ್‌ಗೆ ವಾಪಸ್ ಬರೋಣ. ಅವನ ಅತಿ ಪ್ರಸಿದ್ಧ ಹಾಡು, ಅದೇ 'ಅಸ್ಸಾ' ಸಿನಿಮಾದಲ್ಲಿ ಬರೋ ಬಂಗಾರದ ನಗರದ ಹಾಡು, ಅವನು ಬರೆದದ್ದೇ ಅಲ್ಲ. ಪದ್ಯ ಅನ್ರಿ ವೊಲೊಖೋನ್ಸ್ಕಿ 1972ರಲ್ಲಿ ಬರೆದದ್ದು, ಇಟ್ಟ ಹೆಸರು 'ಸ್ವರ್ಗ'. ರಾಗ ವ್ಲಾದಿಮಿರ್ ವವೀಲೊವ್ ಅನ್ನೋ ಲ್ಯೂಟ್ ವಾದಕನದು. ಆ ಪುಣ್ಯಾತ್ಮ ತಾನೇ ಕಟ್ಟಿದ ರಾಗವನ್ನು ಹದಿನಾರನೇ ಶತಮಾನದ ಇಟಲಿಯ ಫ್ರಾಂಚೆಸ್ಕೊ ದ ಮಿಲಾನೊ ಅನ್ನೋನ ಹೆಸರಿನಲ್ಲಿ ಬಿಟ್ಟ. ಹಾಡು ಊರೆಲ್ಲಾ ಹಬ್ಬೋ ಹೊತ್ತಿಗೆ ಅವನೇ ಇರಲಿಲ್ಲ.

ಮೂಲ ಪದ್ಯದಲ್ಲಿ ಆ ನಗರ ಇರೋದು ನೀಲಿ ಆಕಾಶದ ಮೇಲೆ. ಬೈಬಲ್ಲಿನ ಸ್ವರ್ಗದ ನಗರ, ಅದರ ಸಿಂಹ, ಎತ್ತು, ಹದ್ದು ಎಲ್ಲಾ ಅಲ್ಲಿವೆ. ಗ್ರೆಬೆನ್ಶಿಕೋವ್ ಅದನ್ನು ಕಿವಿಯಿಂದ ಕೇಳಿ ಕಲಿತವನು. ಅವನ ಬಾಯಲ್ಲಿ ನಗರ ಆಕಾಶದ ಕೆಳಗೆ ಬಂತು! ಒಂದು ವಿಭಕ್ತಿಯಷ್ಟು ಚಿಕ್ಕ ವ್ಯತ್ಯಾಸ. ಮೇಲೆ ಇದ್ದದ್ದು ಕೆಳಗೆ. ಬರೆದ ಕವಿಗೆ ಇದು ಸರಿಬರಲಿಲ್ಲ ಅಂದರೂ ನ್ಯಾಯವೇ, ಸ್ವರ್ಗವನ್ನು ನೆಲಕ್ಕಿಳಿಸಿದರೆ ಅದು ಸ್ವರ್ಗ ಹೇಗಾಗುತ್ತೆ? ಆದರೆ ಕೋಟ್ಯಂತರ ಜನ ಎದೆಗೆ ಹಚ್ಚಿಕೊಂಡಿದ್ದು ಕೆಳಗಿನ ನಗರವನ್ನು. ಆಕಾಶದ ಕೆಳಗಿನ ನಗರ ಅಂದರೆ ನಾನು ಇರೋ ಜಾಗ. ಅಲ್ಲಿ ಕ್ಯೂ ಇದೆ, ಕೆಜಿಬಿ ಇದೆ, ಬಾಯ್ಲರ್ ಕೋಣೆ ಇದೆ. ಅದೇ ಪವಿತ್ರವಾಗಬೇಕಾದ ಜಾಗವಾದರೆ ಅಲ್ಲಿ ನಡೆಯೋದೆಲ್ಲಾ ನನ್ನ ಲೆಕ್ಕಕ್ಕೆ ಬರುತ್ತೆ.

'ಅಧ್ಯಾತ್ಮದ ಮಧ್ಯೆ ರಾಜಕೀಯ ತರಬೇಡ' ಅನ್ನೋರು ನಗರವನ್ನು ಮತ್ತೆ ಆಕಾಶದ ಮೇಲಕ್ಕೆ ಎತ್ತಿಡೋಕೆ ಹೊರಟವರು. ಅಲ್ಲಿದ್ದರೆ ನೋಡಿ ಕೈಮುಗಿಯಬಹುದು, ಗುಡಿಸೋ ಕೆಲಸ ಇರೋದಿಲ್ಲ.

ಈ ಪುರುಷೋತ್ತಮ 1980ರಲ್ಲೇ ಬೆಲೆ ಕೊಟ್ಟವನು ಅನ್ನೋದೂ ಆ ಫಾರ್ವರ್ಡಿನಲ್ಲಿ ಇಲ್ಲ. ಲೆನಿನ್‌ಗ್ರಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಗಣಿತ ಓದಿದ್ದ. ಆ ವರ್ಷ ತ್ಬಿಲಿಸಿಯ ರಾಕ್ ಉತ್ಸವದಲ್ಲಿ ಅಕ್ವಾರಿಯಂ ಆಡಿದ ಆಟ ನೋಡಿ ತೀರ್ಪುಗಾರರು ಕೆಂಡವಾದರು. ಊರಿಗೆ ಬರೋಷ್ಟರಲ್ಲಿ ಕೆಲಸ ಹೋಯ್ತು, ಕೊಮ್ಸೊಮೊಲ್ ಸದಸ್ಯತ್ವ ಹೋಯ್ತು. ಹೆಸರು ಪುರುಷೋತ್ತಮ ಆಗೋಕೆ 26 ವರ್ಷ ಮೊದಲಿನ ಮಾತು.

*

ದೇವರ ಹೆಸರು ಹೇಳಿದವರೆಲ್ಲಾ ದೊಡ್ಡ ಕವಿಗಳು ಅಂತ ನಾನು ಹೇಳ್ತಿಲ್ಲ. ಅಲೀಸಾ ತಂಡದ ಕಿಂಚೆವ್‌ನನ್ನು ನೋಡಿ. 1980ರ ದಶಕದ ಅವನ ಹಾಡುಗಳಲ್ಲಿ ಬೆಂಕಿ ಇತ್ತು, ಹುಡುಕಾಟ ಇತ್ತು. 1992ರಲ್ಲಿ ಜೆರುಸಲೇಮಿಗೆ ಹೋಗಿಬಂದ ಮೇಲೆ ದೀಕ್ಷಾಸ್ನಾನ ಪಡೆದ. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ದಿನಗಳಲ್ಲಿ ಕಛೇರಿ ಕೊಡೋದಿಲ್ಲ ಅನ್ನೋ ನೇಮ ಹಿಡಿದ. ಅದಕ್ಕೆ ನನ್ನ ಗೌರವ ಇದೆ, ದುಡಿಮೆಯ ವಾರಗಳನ್ನು ಬಿಟ್ಟುಕೊಡೋದು ಸುಲಭ ಅಲ್ಲ. ಆದರೆ ಹಾಡು? ನಂತರದ ಎಷ್ಟೋ ಹಾಡುಗಳಲ್ಲಿ ಧರ್ಮ ಮತ್ತು ದೇಶ ಒಂದಕ್ಕೊಂದು ಅಂಟಿಕೊಂಡಿವೆ, ಎಲ್ಲದಕ್ಕೂ ಉತ್ತರ ಸಿದ್ಧ. ಮೊದಲು ದೇವರನ್ನು ಹುಡುಕುತ್ತಿದ್ದವನು ಈಗ ದೇವರು ಯಾರ ಕಡೆ ಅಂತ ಹೇಳ್ತಿದ್ದಾನೆ ಅನ್ನಿಸುತ್ತೆ. ಶಿಲುಬೆ, ಸಂತರು, ಪ್ರಾರ್ಥನೆ ಎಲ್ಲಾ ಜಾಸ್ತಿಯಾಗಿ ನನ್ನನ್ನು ನಾನೇ ಪ್ರಶ್ನಿಸಿಕೊಳ್ಳೋ ಜಾಗ ಕಮ್ಮಿಯಾಯ್ತು. ಇದು ನನ್ನ ಕಿವಿಯ ತೀರ್ಪು, ನೀವು ಒಪ್ಪಬೇಕಂತಿಲ್ಲ.

ಅದೇ ಆರ್ಥಡಾಕ್ಸ್ ನಂಬಿಕೆಯ ಯೂರಿ ಶೆವ್ಚುಕ್‌ನನ್ನು ಪಕ್ಕಕ್ಕಿಟ್ಟು ನೋಡಿ. ಡಿಡಿಟಿ ತಂಡದವನು, ಊಫಾ ಊರಿನಲ್ಲಿ 1980ರಲ್ಲಿ ಶುರು ಮಾಡಿದ. ಅಫ್ಘಾನಿಸ್ತಾನದ ಯುದ್ಧ ಶುರುವಾದ ಹೊಸತರಲ್ಲೇ 'ಗುಂಡು ಹಾರಿಸಬೇಡ' ಅಂತ ಹಾಡು ಕಟ್ಟಿದ. 1995ರ ಜನವರಿಯಲ್ಲಿ ಚೆಚೆನ್ಯಾದ ಯುದ್ಧದ ನಡುವೆ ಹೋಗಿ ರಷ್ಯನ್ ಸೈನಿಕರಿಗೂ ಹಾಡಿದ, ಚೆಚೆನ್ ಜನರಿಗೂ ಹಾಡಿದ. 2010ರ ಮೇ 29ರಂದು ಕಲಾವಿದರ ಜೊತೆಗಿನ ಸಭೆಯೊಂದರಲ್ಲಿ ಪುಟಿನ್ ಎದುರು ಕೂತು ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಕೇಳಿದ. ನಿಮ್ಮ ಹೆಸರೇನು ಅಂತ ಪುಟಿನ್ ಕೇಳಿದಾಗ, ಯೂರಾ ಶೆವ್ಚುಕ್, ಸಂಗೀತಗಾರ ಅಂತಷ್ಟೇ ಹೇಳಿದ. 2022ರ ಮೇ 18ರಂದು, ಅದೇ ಊಫಾದ ವೇದಿಕೆಯಲ್ಲಿ, ಮಾತೃಭೂಮಿ ಅಂದರೆ ಸದಾ ಮುತ್ತಿಡಬೇಕಾದ ಅಧ್ಯಕ್ಷರ ಅಂಡಲ್ಲ, ರೈಲ್ವೆ ಸ್ಟೇಷನ್ನಿನಲ್ಲಿ ಆಲೂಗಡ್ಡೆ ಮಾರೋ ಬಡ ಅಜ್ಜಿ ಅನ್ನೋ ಅರ್ಥದ ಮಾತಾಡಿದ. ಆ ಮಾತಿಗೆ 50,000 ರೂಬಲ್ ದಂಡ ಬಿತ್ತು.

ಒಬ್ಬ ಆರ್ಥಡಾಕ್ಸ್ ಕ್ರೈಸ್ತ, ಇನ್ನೊಬ್ಬ ಎಲ್ಲಾ ದೇವರನ್ನೂ ಜಗಲಿಗೆ ಕರೆದ ಪುರುಷೋತ್ತಮ. ಇಬ್ಬರ ಪ್ರಾರ್ಥನೆ ಬೇರೆ. ಸರಿಯಾದ ದಿನ ಬಂದಾಗ ಇಬ್ಬರ ಬಾಯಿಂದ ಬಂದ ಮಾತು ಒಂದೇ. ನಂಬಿಕೆ ಯಾವುದು ಅನ್ನೋದಕ್ಕಿಂತ ಆ ನಂಬಿಕೆ ನಿನ್ನಿಂದ ಏನು ಕೇಳುತ್ತೆ ಅನ್ನೋದು ಮುಖ್ಯ ಅಂತ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳೋದು?

*

ಈಗ ನನ್ನ ವಾದಕ್ಕೆ ನಾನೇ ಒಂದು ಕಲ್ಲು ಹೊಡ್ಕೋತೀನಿ. ಹಾಡು ಬರೆದವರೆಲ್ಲಾ ನೆಟ್ಟಗಿದ್ದರಾ? ಇಲ್ಲ. ಓಮ್ಸ್ಕ್‌ನ ಯೆಗೊರ್ ಲೆತೊವ್‌ನನ್ನು 1985ರ ಕೊನೆಯಲ್ಲಿ ಬಲವಂತವಾಗಿ ಮಾನಸಿಕ ಆಸ್ಪತ್ರೆಗೆ ಹಾಕಿದ್ದರು. ಅಧಿಕಾರದ ಕ್ರೌರ್ಯವನ್ನು ಮೈಮೇಲೆ ಅನುಭವಿಸಿದವನು 1990ರ ದಶಕದಲ್ಲಿ ನ್ಯಾಷನಲ್ ಬೊಲ್ಶೆವಿಕ್ ಪಕ್ಷ ಸೇರಿದ, ಆಮೇಲೆ ದೂರವಾದ. ಅಗಾಥಾ ಕ್ರಿಸ್ಟಿ ತಂಡದ ವಾದಿಮ್ ಸಮೋಯ್ಲೊವ್ ಯುದ್ಧದ ಪರ ನಿಂತ. ಹಾಗಾದರೆ ಇಷ್ಟೆಲ್ಲಾ ಕಾವ್ಯದಿಂದ ಏನು ಉಪಯೋಗ ಅಂತ ಕೇಳಬಹುದು.

ಉಪಯೋಗ ಇದು: ಒಳ್ಳೆಯ ಹಾಡು ಅಳತೆಗೋಲು. ಅದನ್ನು ಹಾಡಿದವನನ್ನೂ ಅದರಿಂದಲೇ ಅಳೀಬಹುದು. ಇದಕ್ಕೂ ಕೊರ್ಮಿಲ್ತ್ಸೆವ್‌ನೇ ಸಾಕ್ಷಿ. 1989ರಲ್ಲಿ ನಾಟಿಲಸ್ ತಂಡಕ್ಕೆ ಲೆನಿನ್ ಕೊಮ್ಸೊಮೊಲ್ ಪ್ರಶಸ್ತಿ ಬಂದಾಗ ಅವನು ಬೇಡ ಅಂದ. 2006ರಲ್ಲಿ ಬುತುಸೋವ್ ಕ್ರೆಮ್ಲಿನ್ ಪರ ಯುವ ಸಂಘಟನೆಯೊಂದರ ಮುಂದೆ ಹಾಡಿದ ವಿಷಯಕ್ಕೆ, ತನ್ನ ಸಾಲುಗಳನ್ನು ಅಂಥವರ ಮುಂದೆ ಹಾಡಬೇಡ ಅಂತ ಹಳೆಯ ಗೆಳೆಯನಿಗೆ ಬಹಿರಂಗವಾಗಿ ಬರೆದ. ಮರುವರ್ಷ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಆ ಸಂಘಟನೆಯ ಹೆಸರು ಏನು ಗೊತ್ತಾ? 'ನಾಶಿ'. ರಷ್ಯನ್ನಿನಲ್ಲಿ ಅದರ ಅರ್ಥ: ನಮ್ಮವರು.

ನಮ್ಮವರು! ಆ ಫಾರ್ವರ್ಡಿನಲ್ಲಿ ಇದ್ದದ್ದೂ ಅದೇ ಪದ ಅಲ್ವಾ?

*

ಇದನ್ನೆಲ್ಲಾ ಬರೆಯೋಕೆ ನನಗೆ ಯಾವ ಅರ್ಹತೆ ಇದೆ ಅಂತ ನೀವು ಕೇಳೋ ಮೊದಲೇ ಹೇಳ್ತೀನಿ. ಹೆಚ್ಚೇನಿಲ್ಲ.

2022ರ ಮಾರ್ಚಿನಲ್ಲಿ ನನ್ನ ಆ ಪೀಟರ್ಸ್‌ಬರ್ಗಿನ ಗೆಳೆಯ ಒಂದು ಸಂಜೆ ಕಾಲ್ ಮಾಡಿದ. ವಿಡಿಯೋ ಆಫ್ ಇತ್ತು. ಹೆಂಡತಿ, ಮಗಳ ಜೊತೆ ಊರು ಬಿಡ್ತಿದ್ದೀನಿ, ತ್ಬಿಲಿಸಿಗೆ ಟಿಕೆಟ್ ಸಿಕ್ಕಿದೆ, ಅಪ್ಪ ಬರೋದಿಲ್ಲ ಅಂದಿದ್ದಾರೆ ಅಂದ. ಮಧ್ಯೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನು ಕಾಯ್ತಿದ್ದ ಅಂತ ಈಗ ಅನ್ನಿಸುತ್ತೆ. ಅವನಿಂದಲೇ ಹಾಡು ಕಲಿತವನು, ಅಂದ್ರೇಯ, ಶಿಲುಬೆ, ಗಂಟೆ ಅಂತ ರಾತ್ರಿಯೆಲ್ಲಾ ಚರ್ಚೆ ಮಾಡಿದವನು ನಾನು. ನಾನು ಕೇಳಿದ್ದು ಏನು ಗೊತ್ತಾ?

"ಆ ಪೇಮೆಂಟ್ ಮಾಡ್ಯೂಲಿನ ಟಿಕೆಟ್‌ಗಳನ್ನು ಯಾರಿಗೆ ಹ್ಯಾಂಡೋವರ್ ಮಾಡ್ತೀಯ?"

ಅವನು ನಿಧಾನವಾಗಿ, ಒಂದೊಂದೇ ಟಿಕೆಟ್ ನಂಬರ್ ಹೇಳಿ ಯಾರಿಗೆ ಅಂತ ವಿವರಿಸಿದ. ನಾನು ಬರೆದುಕೊಂಡೆ. ಥ್ಯಾಂಕ್ಸ್ ಅಂದೆ. ಅವತ್ತು ನನಗೂ ನೀರಿನ ಮೇಲೆ ನಡೆಯೋ ಹಾಡು ಬೇಕಿತ್ತು, ಗುಡ್ಡದ ಕಡೆ ನೋಡೋಕೆ ಆಗಲಿಲ್ಲ. ಯಾರೂ ನನ್ನನ್ನು ಜೈಲಿಗೆ ಹಾಕ್ತಿರಲಿಲ್ಲ, ದಂಡ ಹಾಕ್ತಿರಲಿಲ್ಲ. 'ಹೇಗಿದ್ದೀಯಾ' ಅಂತ ಕೇಳೋಕೆ ಎಷ್ಟು ಧೈರ್ಯ ಬೇಕು ಹೇಳಿ? ಅಷ್ಟೂ ಇರಲಿಲ್ಲ. ಆಮೇಲೆ ಎಷ್ಟೋ ತಿಂಗಳ ನಂತರ ಮೇಲ್ ಬರೆದು ಕ್ಷಮೆ ಕೇಳಿದೆ. ಉತ್ತರದಲ್ಲಿ ಅವನು ಒಂದು ಹಾಡಿನ ಲಿಂಕ್ ಕಳಿಸಿದ್ದ, ಬೇರೇನೂ ಬರೆದಿರಲಿಲ್ಲ. ಬಷ್ಲಚೋವ್‌ನ ಗಂಟೆಗಳ ಹಾಡು.

ಹಾಗಾಗಿ ಇದು ಗುಂಪಿನ ಆ ಇಬ್ಬರನ್ನು ಬೈಯೋಕೆ ಮಾತ್ರ ಬರೆದದ್ದಲ್ಲ. ಅಧ್ಯಾತ್ಮವನ್ನು ಹೆಡ್‌ಫೋನಿನಲ್ಲಿ ಇಟ್ಟುಕೊಂಡು ಓಡಾಡಿದವನು ನಾನೂ ಹೌದು.

ಕೊನೆಗೆ ಒಂದು ಮಾತು. ರಷ್ಯಾದಲ್ಲಿ 'ನಮ್ಮದು' ಏನಾದರೂ ಹುಡುಕಲೇಬೇಕು ಅಂತಿದ್ದರೆ ನಾನೊಂದು ತೋರಿಸ್ತೀನಿ. ಅಂತಃಸಾಕ್ಷಿಗೆ ರಷ್ಯನ್ನಿನಲ್ಲಿ 'ಸೋವೆಸ್ತ್' ಅಂತಾರೆ. 'ಸೋ' ಅಂದರೆ ಜೊತೆ. 'ವೆಸ್ತ್' ಬಂದಿರೋದು ಅರಿಯೋದು ಅನ್ನೋ ಧಾತುವಿನಿಂದ. ನಮ್ಮ 'ವೇದ', 'ವಿದ್ಯೆ' ಬಂದಿರೋದೂ ಅದೇ ಹಳೆಯ ಮೂಲದಿಂದಲೇ. ಜೊತೆಗಿದ್ದು ಅರಿಯೋದು, ಅದೇ ಅಂತಃಸಾಕ್ಷಿ. ನಂಟು ಬೇಕಿದ್ದರೆ ಇದಕ್ಕಿಂತ ಹತ್ತಿರದ ನಂಟು ಎಲ್ಲಿದೆ? ಆದರೆ ಇದನ್ನು ಫಾರ್ವರ್ಡ್ ಮಾಡಿ ಕೈಮುಗಿಯೋಕೆ ಆಗೋದಿಲ್ಲ, ಅದು ತಿರುಗಿ ನಿಮ್ಮನ್ನೇ ಏನೋ ಕೇಳುತ್ತೆ.

ಪುರುಷೋತ್ತಮ ನಮ್ಮವನು ಅನ್ನಿ, ಅಡ್ಡಿಯಿಲ್ಲ. ಅವನು ಫೆಬ್ರವರಿ 24ರಂದು ಹೇಳಿದ ಮಾತೂ ನಮ್ಮದು ಅನ್ನೋಕೆ ತಯಾರಿದ್ದರೆ.

ಗುಂಪಿನಲ್ಲಿ ಇದರ ಲಿಂಕ್ ಹಾಕ್ತಿದ್ದೀನಿ. ಪಕ್ಕದ ರೂಮಿನವನು ಓದ್ತಾನೋ ಇಲ್ವೋ ಗೊತ್ತಿಲ್ಲ. ನೀವು ಓದಿದ್ದೀರಲ್ಲ, ನಿಮಗೇನನ್ನಿಸ್ತು ಅಂತ ಕೆಳಗೆ ಬರೀರಿ. ನನ್ನ ರಷ್ಯನ್ ಓದು ಎಲ್ಲಾದರೂ ಎಡವಿದ್ದರೆ ತಿದ್ದಿ. ಕಿಂಚೆವ್ ಅಭಿಮಾನಿಗಳು ಯಾರಾದರೂ ಇದ್ದರೆ ಜಗಳಕ್ಕೂ ಸ್ವಾಗತ :)